ಪ್ಲೇಟು ಮಾರುವ ಮೊದಲು ಪಟ್ಟಿ ಬರೆಯಿರಿ

“ಮೇಷ್ಟ್ರೇ, ಆ ಹಳೇ ಪ್ಲೇಟುಗಳನ್ನೆಲ್ಲ ಏನು ಮಾಡ್ತೀರಿ?” ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಮ್ಮ ಸೋಮವಾರಪೇಟೆ ಕಡೆಯ ಗುಜರಿ ವ್ಯಾಪಾರಿ ಕೇಳುತ್ತಾನೆ, ಅವನದು ಕಿಲೋ ಲೆಕ್ಕ. ದೊಡ್ಡ ಊರಿನಿಂದ ಫೋನ್ ಮಾಡುವ ವ್ಯಾಪಾರಿಯೊಬ್ಬ “ಲೇಬಲ್ಲಿನ ಫೋಟೊ ಕಳಿಸಿ ಸಾರ್, ಬೇಕಾದ್ದನ್ನು ಆರಿಸ್ಕೊಳ್ತೀನಿ” ಅನ್ನುತ್ತಾನೆ. ಹೋಂಸ್ಟೇ ನಡೆಸುವ ಪರಿಚಯದವರೊಬ್ಬರಿಗೆ ಹಜಾರದ ಗೋಡೆಯ ಮೇಲೆ ಸಾಲಾಗಿ ಅಂಟಿಸಲು ಕಪ್ಪು ತಟ್ಟೆಗಳು ಬೇಕು, ಹಾಡು ಯಾವುದಾದರೂ ಆದೀತು. ಬೆಂಗಳೂರಿನಲ್ಲಿರುವ ನನ್ನ ಮಗನೂ ಕೇಳುತ್ತಾನೆ, ಕಾಳಜಿಯಿಂದ: “ಅಪ್ಪಾ, ನಿಮ್ಮ ನಂತರ ಇವನ್ನು ಏನು ಮಾಡಬೇಕು ಅಂತ ಈಗಲೇ ಹೇಳಿಬಿಡಿ.”

ಎಪ್ಪತ್ತಾರು ವರ್ಷದವನಿಗೆ ಈ ಪ್ರಶ್ನೆ ಹಾಕುವುದರಲ್ಲಿ ತಪ್ಪೇನಿಲ್ಲ. ಆದರೆ ಉತ್ತರ ನನ್ನ ಮನೆಗೆ ಮಾತ್ರ ಸೇರಿದ್ದಲ್ಲ. ಕೊಡಗಿನಲ್ಲಿ ಅಟ್ಟದ ಮೇಲೆ ಒಂದು ಟ್ರಂಕು ರೆಕಾರ್ಡು, ಒಂದು ರಟ್ಟಿನ ಡಬ್ಬಿ ಟೇಪು ಇರುವ ಮನೆಗಳು ಇನ್ನೂ ಇವೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು ಅಂಬಾಲದಿಂದಲೋ ಪುಣೆಯಿಂದಲೋ ತಂದ ರೇಡಿಯೋಗ್ರಾಮ್, ತೋಟದ ಬಂಗಲೆ ಕೈಬದಲಾದಾಗ ಉಳಿದುಹೋದ ಗ್ರಾಮಫೋನ್, ಯಾರೋ ಅಜ್ಜ ಹಾಡಿದ್ದನ್ನು ಹಿಡಿದಿಟ್ಟ ಸ್ಪೂಲು. ಇವುಗಳ ಯಜಮಾನರು ನನ್ನ ವಯಸ್ಸಿನವರು, ಇಲ್ಲವೇ ನನಗಿಂತ ದೊಡ್ಡವರು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದಾರೆ. ಮುಂದಿನ ಹತ್ತು ವರ್ಷಗಳಲ್ಲಿ ಈ ಟ್ರಂಕುಗಳ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ನಾವು ಸುಮ್ಮನಿದ್ದರೆ ಆ ತೀರ್ಮಾನ ಗುಜರಿಯವನದು.

ನನ್ನಲ್ಲಿರುವುದು ಎರಡು ಸಾವಿರದ ಆಸುಪಾಸು ತಟ್ಟೆಗಳು. ಮುಕ್ಕಾಲು ಪಾಲು 78 ವೇಗದ ಅರಗಿನ ಪ್ಲೇಟು, ಉಳಿದದ್ದು ಎಲ್‌ಪಿ ಮತ್ತು ಚಿಕ್ಕ 45. ಇವು ದುಡ್ಡು ಸುರಿದು ಕೂಡಿಸಿದ್ದಲ್ಲ. ಮೇಷ್ಟ್ರಾಗಿ ಶನಿವಾರಸಂತೆ, ಮಾದಾಪುರ, ನಾಪೋಕ್ಲು, ಭಾಗಮಂಡಲ ಅಂತ ವರ್ಗವಾಗಿ ಹೋದಲ್ಲೆಲ್ಲ ಜನ ಕೊಟ್ಟರು. ಅತಿ ಹೆಚ್ಚು ಬಂದದ್ದು ಮೈಕ್‌ಸೆಟ್ ಅಂಗಡಿಗಳಿಂದ. ಈಗಿನ ಹುಡುಗರಿಗೆ ಗೊತ್ತಿರಲಾರದು, ಒಂದು ಕಾಲದಲ್ಲಿ ಪ್ರತಿ ಪೇಟೆಯಲ್ಲೂ ಒಬ್ಬ ಮೈಕ್‌ಸೆಟ್‌ನವನಿದ್ದ. ಮದುವೆ, ಜಾತ್ರೆ, ಗಣೇಶನ ಹಬ್ಬ, ಚುನಾವಣೆ, ಏನಿದ್ದರೂ ಬ್ಯಾಟರಿ, ಆಂಪ್ಲಿಫೈಯರು, ಕಹಳೆ, ಒಂದು ಪೆಟ್ಟಿಗೆ ಪ್ಲೇಟು ಹೊತ್ತು ಅವನು ಬರಲೇಬೇಕು. ಊರಿನ ಕಿವಿಗೆ ಹಾಡು ತಲುಪಿದ್ದು ಅವನ ಮೂಲಕ. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದಾಗ ಅವರೆಲ್ಲ ಪೆಟ್ಟಿಗೆಗಳನ್ನು ಹಿತ್ತಲಿಗೆ ಹಾಕಿದರು. “ನಿಮಗೆ ಹುಚ್ಚಿದೆಯಲ್ಲ ಮೇಷ್ಟ್ರೇ, ತಗೊಂಡ್ಹೋಗಿ” ಅಂದರು. ತಂದೆ.

ಅಂಥ ಒಂದು ಪ್ಲೇಟು ಈಗ ನನ್ನ ಮೇಜಿನ ಮೇಲಿದೆ. ಪಿ. ಕಾಳಿಂಗರಾಯರ ಭಾವಗೀತೆ, ಹತ್ತಿಂಚಿನ 78. ಹಾಡಿನ ಮಟ್ಟಿಗೆ ಇದು ಅಪರೂಪವೇನಲ್ಲ, ಕರ್ನಾಟಕದಲ್ಲಿ ಇನ್ನೂ ಹಲವರ ಹತ್ತಿರ ಇದ್ದೀತು. ನಾನು ತೋರಿಸಬೇಕೆಂದಿರುವುದು ಅದರ ಕಂದು ಕಾಗದದ ಕವರನ್ನು. ಮೇಲ್ಭಾಗದಲ್ಲಿ ಅಂಗಡಿಯ ನೇರಳೆ ರಬ್ಬರ್ ಮೊಹರು. ಅದರ ಕೆಳಗೆ ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ ಊರುಗಳ ಹೆಸರು: ಗರ್ವಾಲೆ, ಸುಂಟಿಕೊಪ್ಪ, ಐಗೂರು, ಕೊಡ್ಲಿಪೇಟೆ. ಪ್ರತಿ ಹೆಸರಿನ ಮುಂದೆ ಸಣ್ಣ ಗೀಟುಗಳು, ಎಷ್ಟು ಸಲ ಹಾಕಿದೆ ಎಂಬ ಲೆಕ್ಕ. ಮೂಲೆಯಲ್ಲಿ ಒಂದು ಸೂಚನೆ: “ಧಾರೆ ಹೊತ್ತಿಗೆ ಬೇಡ. ಊಟಕ್ಕೆ ಹಾಕು.” ಒಬ್ಬ ಮೈಕ್‌ಸೆಟ್‌ನವನು ತನ್ನ ಸಹಾಯಕ ಹುಡುಗನಿಗೆ ಬರೆದಿಟ್ಟ ಮಾತು. ಕನ್ನಡ ಭಾವಗೀತೆ ವೇದಿಕೆಯಿಂದ ಇಳಿದು ಕೊಡಗಿನ ಮದುವೆ ಚಪ್ಪರಕ್ಕೆ ಹೇಗೆ ಬಂತು, ಯಾವ ಊರಿನವರು ಮತ್ತೆ ಮತ್ತೆ ಕೇಳಿದರು, ಯಾವ ಹೊತ್ತಿಗೆ ಒಪ್ಪುತ್ತದೆ ಅಂದುಕೊಂಡರು, ಎಲ್ಲ ಈ ಅಂಗೈಯಗಲದ ಕಾಗದದ ಮೇಲಿದೆ. ಯಾವ ಪುಸ್ತಕದಲ್ಲೂ ಇದು ಸಿಗುವುದಿಲ್ಲ. ವ್ಯಾಪಾರಿ ಬಂದರೆ ಮೊದಲು ಬಿಸಾಡುವುದು ಈ ಕವರನ್ನೇ, ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಬೆಲೆ ಹೆಚ್ಚಂತೆ.

ಇಲ್ಲಿಂದಲೇ ನನ್ನ ತಕರಾರು ಶುರು. ಹಳೆಯ ರೆಕಾರ್ಡುಗಳಿಗೆ ಈಗ ಒಳ್ಳೆಯ ಮಾರುಕಟ್ಟೆ ಇದೆ ಎಂಬುದು ನಿಜ. ಆದರೆ ಅದರ ತಕ್ಕಡಿಯೇ ಬೇರೆ. 1960ರ ದಶಕದಲ್ಲಿ ಪಶ್ಚಿಮದ ದೇಶಗಳು 78 ತಟ್ಟೆ ಒತ್ತುವುದನ್ನು ಬಿಟ್ಟಿದ್ದವು. ಕರೆಂಟಿಲ್ಲದ ಹಳ್ಳಿಗಳಲ್ಲಿ ಚಾವಿ ಕೊಡುವ ಗ್ರಾಮಫೋನುಗಳೇ ಹೆಚ್ಚಿದ್ದ ನಮ್ಮ ದೇಶದಲ್ಲಿ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆ ಇನ್ನೂ ಒತ್ತುತ್ತಿತ್ತು. ಹಾಗಾಗಿ ಬೀಟಲ್ಸ್ ತಂಡದ ಹಾಡುಗಳು ಅರಗಿನ ತಟ್ಟೆಯ ಮೇಲೆ ಬಂದದ್ದು ಇಲ್ಲಿ. ಇಂದು ಹೊರದೇಶದ ಸಂಗ್ರಾಹಕರು ಅಂಥದ್ದೊಂದಕ್ಕೆ ಬಾಯಿಗೆ ಬಂದ ಬೆಲೆ ಕೊಡುತ್ತಾರೆ. ಆರ್.ಡಿ. ಬರ್ಮನ್ ಎಲ್‌ಪಿಗಳಿಗೂ ಒಳ್ಳೆಯ ಗಿರಾಕಿ. ಇವೆಲ್ಲ ಜಗತ್ತಿನಲ್ಲಿ ಎಷ್ಟೋ ಕಡೆ ಇವೆ, ಡಿಜಿಟಲ್ ಆಗಿವೆ, ಒಂದು ಪ್ರತಿ ಹೋದರೆ ಹಾಡೇನೂ ಸಾಯುವುದಿಲ್ಲ. ಕನ್ನಡ ನಾಟಕ ಕಂಪನಿಗಳ ಹಾಡು, ಹರಿಕಥೆಯ ತುಣುಕು, ಊರ ವಾಲಗದ ಟೇಪು ಎಂದರೆ ವ್ಯಾಪಾರಿ “ಇದು ಓಡಲ್ಲ ಸಾರ್” ಅನ್ನುತ್ತಾನೆ. ಎಲ್ಲಿ ಒಂದೇ ಪ್ರತಿ ಉಳಿದಿದೆಯೋ ಅದಕ್ಕೆ ಬೆಲೆಯಿಲ್ಲ, ಎಲ್ಲಿ ಸಾವಿರಾರು ಪ್ರತಿ ಇವೆಯೋ ಅದಕ್ಕೆ ಪೈಪೋಟಿ. ವ್ಯಾಪಾರಿಯನ್ನು ದೂರಿ ಪ್ರಯೋಜನವಿಲ್ಲ, ಅವನ ಕಸುಬು ಅದು. ಆದರೆ ಅವನು ಐವತ್ತು ತಟ್ಟೆ ಆರಿಸಿಕೊಂಡು ಹೋದ ಮೇಲೆ ಮನೆಯವರ ಕಣ್ಣಿಗೆ ಉಳಿದದ್ದೆಲ್ಲ ಕಸ. ಸಂಗ್ರಹಗಳು ಸಾಯುವುದು ಹೀಗೆ, ಮೊದಲ ಮಾರಾಟದ ಮಾರನೆಯ ದಿನ.

ಮಗ ಹೇಳುವುದರಲ್ಲೂ ಹುರುಳಿದೆ. ಹತ್ತಿಂಚಿನ ಒಂದು 78 ತಟ್ಟೆ ಇನ್ನೂರು ಗ್ರಾಂ ಮೀರಿ ತೂಗುತ್ತದೆ, ಸಾವಿರ ತಟ್ಟೆ ಅಂದರೆ ನಾಲ್ಕು ಮೂಟೆ ಕಾಫಿಯ ಭಾರ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವನ್ನೆಲ್ಲಿ ಇಡುತ್ತಾನೆ? “ಯೂಟ್ಯೂಬಲ್ಲಿ ಎಲ್ಲ ಇದೆಯಲ್ಲಪ್ಪ” ಎಂಬ ಅವನ ಎರಡನೇ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲ ಇದೆ ಎಂಬ ನಂಬಿಕೆಯಲ್ಲೇ ನಾವು ಬಹಳಷ್ಟು ಕಳೆದುಕೊಂಡಿದ್ದೇವೆ. 1934ರ ಮಾರ್ಚ್ 3ರಂದು ತೆರೆಕಂಡ ಸತಿ ಸುಲೋಚನಾ ಕನ್ನಡದ ಮೊದಲ ವಾಕ್ಚಿತ್ರ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೋಟ್ಯಂತರ ಜನರ ಭಾಷೆಯೊಂದು ತನ್ನ ಮೊದಲ ಮಾತಿನ ಚಿತ್ರವನ್ನು ಕಾಪಾಡಿಕೊಳ್ಳಲಾಗದಿದ್ದ ಮೇಲೆ, ಕೊಡವ ತಕ್ಕ್, ಅರೆಭಾಷೆ, ಯರವ ಮಾತಿನ ಧ್ವನಿಗಳು ತಾವಾಗಿಯೇ ಉಳಿಯುತ್ತವೆ ಎಂದು ಯಾವ ಧೈರ್ಯದಿಂದ ಕೂರುವುದು? ಕೊಡವ ಭಾಷೆಯ ಮೊದಲ ಚಿತ್ರ ನಾಡ ಮಣ್ಣ್ ನಾಡ ಕೂಳ್ ಬಂದದ್ದು 1972ರಲ್ಲಿ. ಅದನ್ನು ಟಾಕೀಸಿನಲ್ಲಿ ಕುಳಿತು ನೋಡಿದವರಿಗೂ ಈಗ ನನ್ನಷ್ಟೇ ವಯಸ್ಸು.

ನಮ್ಮ ಜಿಲ್ಲೆಗೆ ಇನ್ನೊಂದು ಕಷ್ಟವಿದೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿ ಹಸಿರಾಗುತ್ತದೆ, ಪುಸ್ತಕದ ಬೆನ್ನು ಬಿಳಿಯಾಗುತ್ತದೆ. 78 ತಟ್ಟೆಯಲ್ಲಿ ಅರಗಿನ ಪಾಲು ಮೂರರಲ್ಲೊಂದೂ ಇರುವುದಿಲ್ಲ. ಉಳಿದದ್ದು ಕಲ್ಲಿನ ನುಣ್ಣನೆ ಪುಡಿ, ಕಪ್ಪು ಬಣ್ಣಕ್ಕೆ ಇಂಗಾಲದ ಮಸಿ, ಬಿಗಿಗೆ ಹತ್ತಿಯ ನಾರು. ಬೂಷ್ಟಿಗೆ ತಿನ್ನಲು ಇದರಲ್ಲಿ ಬೇಕಾದಷ್ಟು ಸಿಗುತ್ತದೆ, ಮೇಲೆ ಲೇಬಲ್ಲಿನ ಕಾಗದ ಮತ್ತು ಅಂಟು ಬೇರೆ. ಬೂಷ್ಟು ಗೆರೆಯೊಳಗೆ ಇಳಿದು ಕೊರೆದರೆ ಆಮೇಲೆ ಎಷ್ಟು ತೊಳೆದರೂ ಕುದಿಯುವ ಎಣ್ಣೆಯ ಸದ್ದು ಹೋಗುವುದಿಲ್ಲ.

ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಬೀರುವಿನ ತಳದಲ್ಲಿ 40 ವಾಟಿನ ಬಲ್ಬು ಉರಿಸಿಡುವುದು. ಬಿಸಿ ನೇರ ತಾಗದಂತೆ ಮೇಲೊಂದು ತಗಡು, ಅದರ ಮೇಲಿನ ಅರೆಗಳಲ್ಲಿ ತಟ್ಟೆಗಳು, ಮಲಗಿಸದೆ ನಿಲ್ಲಿಸಿ. ನನ್ನ ಬೀರುವಿನಲ್ಲಿ ಮಳೆಗಾಲವಿಡೀ ಅದು ಉರಿಯುತ್ತದೆ. ಈಗ ಎಲ್ಲ ಕಡೆ ಎಲ್‌ಇಡಿ ಬಂದು ತಂತಿಯ ಬಲ್ಬು ಸಿಗುವುದೇ ಕಷ್ಟವಾಗಿದೆ, ಎಲ್‌ಇಡಿಯಲ್ಲಿ ಬೆಳಕಿದೆ, ಬೀರು ಒಣಗಿಸುವ ಕಾವಿಲ್ಲ. ಮಳೆಗೆ ಮುಂಚೆ ಒಂದೊಂದನ್ನೇ ತೊಳೆಯುತ್ತೇನೆ: ಲೇಬಲ್ ನೆನೆಯದಂತೆ ಹಿಡಿದು, ತಣ್ಣೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ, ಮೆತ್ತನೆಯ ಬ್ರಷ್ಷು, ನೆರಳಿನಲ್ಲಿ ಆರಿಸುವುದು. ಮನೆಯಲ್ಲಿ 78 ತಟ್ಟೆ ಇರುವವರು ದಯವಿಟ್ಟು ಇದನ್ನು ನೆನಪಿಡಿ: ಸ್ಪಿರಿಟ್ ಹಚ್ಚಬೇಡಿ. ಮರಕ್ಕೆ ಪಾಲಿಶ್ ಮಾಡುವವರು ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಎಲ್‌ಪಿಗೆ ನಡೆಯುವ ಔಷಧ 78ಕ್ಕೆ ವಿಷ. ಬಿಸಿಲಿಗೂ ಇಡಬೇಡಿ, ಹಪ್ಪಳದಂತೆ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಮಾಡಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ವಯಸ್ಸಾಗುತ್ತದೆ. ಅಷ್ಟೇ ಅಲ್ಲ, 2018ರ ಆಗಸ್ಟ್ ನಮಗೆ ಇನ್ನೊಂದನ್ನು ತೋರಿಸಿತು. ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಜೀವ ಉಳಿದದ್ದೇ ದೊಡ್ಡದು. ಪರಿಹಾರ ಕೇಂದ್ರದಲ್ಲಿ ಹಿರಿಯರೊಬ್ಬರು ನನ್ನ ಪಕ್ಕ ಕುಳಿತು ತಮ್ಮ ತಂದೆಯ ಫೋಟೊ ಹೋಯಿತೆಂದು ಅತ್ತರು, ಬಹಳ ಹೊತ್ತಿನ ಮೇಲೆ “ಅವರ ಧ್ವನಿಯ ಟೇಪೂ ಇತ್ತು” ಅಂದರು. ಒಂದು ಮನೆಯಲ್ಲಿ ಒಂದೇ ಪ್ರತಿ ಇರುವುದು ಎಂದರೆ ಈ ಜಿಲ್ಲೆಯಲ್ಲಿ ಏನರ್ಥ ಎಂದು ನನಗೆ ಆ ದಿನ ಮನವರಿಕೆಯಾಯಿತು.

ಟೇಪಿನ ವಿಷಯ ತಟ್ಟೆಗಿಂತ ತುರ್ತಿನದು. ನನ್ನಲ್ಲಿ ಎರಡು ಟ್ರಂಕು ಸ್ಪೂಲು ಮತ್ತು ಕ್ಯಾಸೆಟ್ಟುಗಳಿವೆ, ಬೇರೆ ಬೇರೆ ಮನೆಗಳವರು ಕೊಟ್ಟದ್ದು. ಮದುವೆಯ ವಾಲಗ, ಪುತ್ತರಿಯ ಕೋಲಾಟ್, ಮಂದಿನಲ್ಲಿ ಹಾಡಿದ್ದು, ಅರೆಭಾಷೆಯ ಸೋಬಾನೆ, ಲೈನ್‌ಮನೆಯೊಂದರ ಮುಂದೆ ಯರವ ಹೆಂಗಸರು ಹಾಡಿದ್ದು. ನಾಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಹಾಡುಗಾರರನ್ನು ಹುಡುಕಿ ಹುಡುಕಿ ಬರೆದುಕೊಂಡು 1924ರಲ್ಲಿ ಪಟ್ಟೋಲೆ ಪಳಮೆ ಪ್ರಕಟಿಸಿದರು. ಬಾಯಿಂದ ಬಾಯಿಗೆ ಬಂದದ್ದಕ್ಕೆ ಅಕ್ಷರದ ಆಸರೆ ಕೊಟ್ಟ ಪುಣ್ಯ ಅವರದು. ಆ ಪುಸ್ತಕ ಇಲ್ಲದಿದ್ದರೆ ಎಷ್ಟು ಹಾಡು ನಮಗೆ ಉಳಿಯುತ್ತಿತ್ತೋ! ಆದರೆ ದುಡಿಯ ಪೆಟ್ಟಿಗೆ ಸಾಲು ಎಲ್ಲಿ ನಿಲ್ಲುತ್ತದೆ, ಒಬ್ಬರು ಬಿಟ್ಟ ಕೊನೆಯ ಉಸಿರನ್ನು ಇನ್ನೊಬ್ಬರು ಹೇಗೆ ಹಿಡಿಯುತ್ತಾರೆ ಎಂಬುದು ಕಾಗದಕ್ಕೆ ಇಳಿಯುವುದಿಲ್ಲ. ಅದು ಇರುವುದು ಈ ಟೇಪುಗಳಲ್ಲಿ. ಹಾಡಿದವರು ಬಹುಪಾಲು ತೀರಿಕೊಂಡಿದ್ದಾರೆ. ಟೇಪಿನ ಮೇಲಿನ ಲೇಪ ಉದುರುತ್ತಿದೆ, ಅದನ್ನು ಓಡಿಸುವ ಯಂತ್ರಗಳು ಅದಕ್ಕಿಂತ ಬೇಗ ಮಾಯವಾಗುತ್ತಿವೆ. 2019ರಲ್ಲಿ ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಒಕ್ಕೂಟ ಸೇರಿ ಜಗತ್ತಿಗೆಲ್ಲ ಟೇಪಿನ ಎಚ್ಚರಿಕೆ ಕೊಟ್ಟವು: 2025ರ ಹೊತ್ತಿಗೆ ಟೇಪುಗಳನ್ನು ನುಡಿಸುವುದೇ ಅಸಾಧ್ಯದ ಹತ್ತಿರ ಬಂದೀತು ಎಂದು. ಆ ಗಡುವು ಬಂದೇಬಿಟ್ಟಿತು.

ಹಾಗಾದರೆ ಬೇರೆ ಕಡೆ ಏನು ಮಾಡಿದ್ದಾರೆ? ದೂರ ಹೋಗಬೇಕಿಲ್ಲ. ತಮಿಳುನಾಡಿನ ಕಾರೈಕುಡಿ ಹತ್ತಿರದ ಕೊಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಎಂಬವರಿದ್ದರು, ಬೋರ್ಡು ಬರೆಯುತ್ತಿದ್ದವರು. ತಮಿಳಿನಲ್ಲಿ ಅಚ್ಚಾದದ್ದು ಏನೇ ಸಿಕ್ಕರೂ, ನಾಟಕದ ಕರಪತ್ರವನ್ನೂ ಬಿಡದೆ, ಮನೆಯಲ್ಲಿ ಕೂಡಿಸಿದರು. 1992ರಲ್ಲಿ ಅವರು ತೀರಿಕೊಂಡ ಮೇಲೆ ಷಿಕಾಗೊ ವಿಶ್ವವಿದ್ಯಾಲಯ ಅದನ್ನು ಇಡಿಯಾಗಿ ಕೊಂಡಿತು, ಆದರೆ ಸಮುದ್ರ ದಾಟಿಸಲಿಲ್ಲ. 1994ರಲ್ಲಿ ಚೆನ್ನೈಯಲ್ಲೇ ಅವರ ಹೆಸರಿನ ಸಂಶೋಧನಾ ಗ್ರಂಥಾಲಯ ಎದ್ದಿತು. ತಮಿಳು ಸಮಾಜದ ಚರಿತ್ರೆ ಬರೆಯುವವರು ಇಂದು ಆ ಬಾಗಿಲು ತಟ್ಟದೆ ಮುಂದೆ ಹೋಗುವುದಿಲ್ಲ. ನಮ್ಮ ಪಕ್ಕದ ಕೇರಳದ ಕೊಟ್ಟಾಯಂ ಜಿಲ್ಲೆಯ ಪ್ಲಾಶನಾಲ್ ಎಂಬ ಹಳ್ಳಿಯಲ್ಲಿ, ಅರಣ್ಯ ಅಭಿವೃದ್ಧಿ ನಿಗಮದಿಂದ ನಿವೃತ್ತರಾದ ಸನ್ನಿ ಮ್ಯಾಥ್ಯೂ 2015ರಲ್ಲಿ ತಮ್ಮ ಗ್ರಾಮಫೋನು, ತಟ್ಟೆಗಳಿಗೆ ಮನೆಯ ಬಳಿಯೇ ಮ್ಯೂಸಿಯಂ ತೆರೆದರು. ಅಲ್ಲೂ ನಮ್ಮಂಥದ್ದೇ ಮಳೆ. ಮುಂಬೈಯ ಸುರೇಶ್ ಚಾಂದವಣಕರ್ ಅವರು ಬ್ರಿಟಿಷ್ ಲೈಬ್ರರಿಯ ನೆರವು ಪಡೆದು ‘ಯಂಗ್ ಇಂಡಿಯಾ’ ಎಂಬ ಸ್ವದೇಶಿ ಮುದ್ರೆಯ ತಟ್ಟೆಗಳನ್ನು ಡಿಜಿಟಲ್ ಮಾಡಿಸಿದರು. ಬೆಂಗಳೂರಿನ ವಿಕ್ರಂ ಸಂಪತ್, 1930ರ ಜನವರಿ 17ರಂದು ಮೈಸೂರಿನಲ್ಲಿ ಕಣ್ಣುಮುಚ್ಚಿದ ಗಾಯಕಿ ಗೌಹರ್ ಜಾನಳ ಜೀವನ ಬರೆಯಲು ಹೊರಟು ಹಳೆಯ ಮುದ್ರಣಗಳ ಒಂದು ಭಂಡಾರವನ್ನೇ ಕಟ್ಟಿದರು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಹಿಡಿದ ಜನಪದ ಧ್ವನಿಗಳಿಗೆ ರಾಮನಗರದ ಜಾನಪದ ಲೋಕದಲ್ಲಿ ನೆಲೆ ಸಿಕ್ಕಿತು.

ಮೈಸೂರಿನ ಮಾತು ಬಂತು, ಜಯಚಾಮರಾಜ ಒಡೆಯರ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಸ್ವತಃ ಪಿಯಾನೋ ಬಲ್ಲ ಮಹಾರಾಜರದು ದೊಡ್ಡ ರೆಕಾರ್ಡು ಸಂಗ್ರಹ. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಬಡತನ, ಅನಾರೋಗ್ಯದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳು ತಟ್ಟೆಯಲ್ಲಿ ಸಿಗುವುದಿಲ್ಲವೆಂದು ಅವರು 1940ರ ದಶಕದಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿಸಿ, ತಮ್ಮ ಹಣದಿಂದ ಎಚ್‌ಎಂವಿಯವರಿಂದ ಮುದ್ರಣ ಮಾಡಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡ. ಆತ ತನ್ನ ಕೃತಿಗಳನ್ನು ತಾನೇ ನುಡಿಸಿದ್ದನ್ನು ಜಗತ್ತು ಇವತ್ತು ಕೇಳುತ್ತಿದ್ದರೆ ಅದರ ಹಿಂದೆ ಮೈಸೂರಿನ ಹಣವಿದೆ, ಸಮಯಕ್ಕೆ ಸರಿಯಾಗಿ ಮಾಡಿದ ಕೆಲಸವಿದೆ. ಕೆಲವು ವರ್ಷ ತಡವಾಗಿದ್ದರೆ ಆಗುತ್ತಿರಲಿಲ್ಲ.

ಈ ಎಲ್ಲ ಕಡೆಯೂ ಯಾರೋ ಒಬ್ಬರು ಏನಿದೆ ಎಂದು ಕುಳಿತು ಬರೆದರು. ನಾನು ಈ ಪತ್ರಿಕೆಯ ಓದುಗರಿಗೆ, ಅಕಾಡೆಮಿಗಳಿಗೆ ಹೇಳಬೇಕಾದ್ದು ಇದೊಂದೇ: ಮ್ಯೂಸಿಯಂ ಕಟ್ಟಡದ ಮಾತು ಆಮೇಲಾಗಲಿ, ಮೊದಲು ಪಟ್ಟಿಯಾಗಲಿ. ಪಟ್ಟಿಯಿಲ್ಲದ ಸಂಗ್ರಹವನ್ನು ಯಾವ ಸಂಸ್ಥೆಯೂ ಸ್ವೀಕರಿಸುವುದಿಲ್ಲ, ಸ್ವೀಕರಿಸಿದರೂ ಗೋದಾಮಿಗೆ ಹಾಕುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನನ್ನ ತಟ್ಟೆಗಳನ್ನು ಕೊಡುತ್ತೇನೆಂದು ಬರೆದಿದ್ದೆ. ದಾನಪತ್ರ ಮಾಡಿ ಕಳುಹಿಸಿ, ಸ್ಥಳ ಒದಗಿದಾಗ ಜೋಡಿಸುತ್ತೇವೆ ಎಂದು ಉತ್ತರ ಬಂತು. ಎಲ್ಲಿ ಇಡುತ್ತೀರಿ, ಮಳೆಗಾಲಕ್ಕೆ ಏನು ವ್ಯವಸ್ಥೆ, ಜನ ಕೇಳಲು ಬಂದರೆ ಕೇಳಿಸುತ್ತೀರಾ ಎಂದು ಮತ್ತೆ ಬರೆದೆ. ಆ ಪತ್ರಕ್ಕೆ ಉತ್ತರ ಬರಲಿಲ್ಲ. ಕೊಡುವವನು ಷರತ್ತು ಹಾಕಬಾರದು ಎಂಬ ಮನೋಭಾವ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ, ಕೊಡುವವನು ಕೇಳಲೇಬೇಕು.

ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಶಾಲೆಯ ಉದ್ದ ನೋಟುಪುಸ್ತಕ ಸಾಕು. ಕಂಪನಿಯ ಹೆಸರು, ಲೇಬಲ್ಲಿನ ನಂಬರು, ಹಾಡಿದವರು, ಹಾಡಿನ ಮೊದಲ ಮಾತು, ಬಿರುಕಿದೆಯೇ, ಮುಖ್ಯವಾಗಿ ಯಾವ ಮನೆಯಿಂದ ಯಾರ ಕೈಯಿಂದ ಬಂತು. ಲೇಬಲ್ಲನ್ನು ಬೆಳ್ಳಿಹುಳ ತಿಂದಿದ್ದರೆ ಗಾಬರಿಯಾಗಬೇಡಿ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ: ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಸಣ್ಣ ಅಂಕಿ ಅಕ್ಷರಗಳು ಒತ್ತಿರುತ್ತವೆ. ಅದು ಕಾರ್ಖಾನೆಯ ಅಚ್ಚಿನ ನಂಬರು. ಹೆಸರೆಲ್ಲ ಅಳಿಸಿಹೋದ ಮೇಲೂ ಆ ನಂಬರಿನಿಂದ ಬಲ್ಲವರು ಹಾಡನ್ನು ಗುರುತಿಸಬಲ್ಲರು. ನಾನು ಆ ನಂಬರುಗಳನ್ನೂ ಬರೆಯುತ್ತಿದ್ದೇನೆ. ಟೇಪುಗಳಿಗಾದರೆ ಇಂಥ ನಂಬರೇ ಇಲ್ಲ, ಹಾಡಿದವರ ಧ್ವನಿ ಗುರುತು ಹಿಡಿಯುವವರು ಬದುಕಿರುವಾಗಲೇ ಕೇಳಿಸಿ ಬರೆದುಕೊಳ್ಳಬೇಕು. “ಇದು ನಮ್ಮ ಚಿಕ್ಕಜ್ಜನ ಸ್ವರ” ಎಂದು ಹೇಳಬಲ್ಲ ಒಬ್ಬ ಅಜ್ಜಿ ಹೋದರೆ ಆ ಟೇಪು ಅನಾಥ.

ಎರಡನೆಯದು ಮಡಿಕೇರಿಯಲ್ಲಿ ಒಂದು ಒಣ ಕೋಣೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಅಲ್ಲೇ ಇವೆ, ಆಕಾಶವಾಣಿ ನಿಲಯವಿದೆ, ಕಾಲೇಜುಗಳಿವೆ. ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆಯನ್ನು 2021ರಲ್ಲಿ ಮ್ಯೂಸಿಯಂ ಮಾಡಿ ರಾಷ್ಟ್ರಪತಿಗಳಿಂದ ಉದ್ಘಾಟಿಸಿದ ಜಿಲ್ಲೆ ಇದು, ಮನಸ್ಸು ಮಾಡಿದರೆ ಆಗುತ್ತದೆ ಎಂದು ನಾವು ನೋಡಿದ್ದೇವೆ. ನಾನು ಕೇಳುವುದು ಅದಕ್ಕಿಂತ ಬಹಳ ಚಿಕ್ಕದು. ತೇವ ಹೀರುವ ಯಂತ್ರ, ಒಂದು ಒಳ್ಳೆಯ ಟರ್ನ್‌ಟೇಬಲ್, ರಿಪೇರಿ ಮಾಡಿಸಿದ ಒಂದು ಸ್ಪೂಲ್ ಯಂತ್ರ, ಒಂದು ಕ್ಯಾಸೆಟ್ ಡೆಕ್ಕು, ಕಂಪ್ಯೂಟರು, ಕೆಲಸ ಬಲ್ಲ ಒಬ್ಬ ಯುವಕ ಅಥವಾ ಯುವತಿ. 78ರ ಗೆರೆ ಅಗಲ, ಎಲ್‌ಪಿಯದು ಕಿರಿದು. ಎಲ್‌ಪಿ ಸೂಜಿಯನ್ನೇ 78ಕ್ಕೆ ಹಚ್ಚಿ ಡಿಜಿಟಲ್ ಮಾಡಿದರೆ ಬರೀ ಕೊರಕಲು ಕೇಳಿಸುತ್ತದೆ, ಇಂಟರ್ನೆಟ್ಟಿನಲ್ಲಿ ಹಾಗೆ ಕೆಟ್ಟದ್ದು ಎಷ್ಟೋ ಇವೆ. ಇಂಥವನ್ನು ತಿಳಿದು ಮಾಡುವವರು ಬೇಕು. ಮನೆಯವರು ತಟ್ಟೆ, ಟೇಪು ತರಲಿ, ಪ್ರತಿ ತೆಗೆದುಕೊಂಡು ಮೂಲವನ್ನು ಅವರ ಕೈಗೇ ಕೊಟ್ಟುಬಿಡಿ. ಐನ್‌ಮನೆಯ ಟೇಪನ್ನು ಸರ್ಕಾರಕ್ಕೆ ಬರೆದುಕೊಡಿ ಅಂದರೆ ಯಾರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಒಂದು ಪ್ರತಿ ಮಡಿಕೇರಿಯಲ್ಲಿ, ಇನ್ನೊಂದು ಈ ಮಳೆ ಬೀಳದ ಯಾವುದಾದರೂ ಊರಿನಲ್ಲಿ ಇರಲಿ.

ಕಾನೂನಿನ ಭಯವನ್ನೂ ಕೆಲವರು ಮುಂದೆ ತರುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟವಾದ ನಂತರ 60 ವರ್ಷ. 1950ರ ದಶಕದ ತಟ್ಟೆಗಳ ಮೇಲೆ ಕಂಪನಿಗಳ ಆ ಹಕ್ಕು ಈಗಾಗಲೇ ಮುಗಿದಿದೆ. ಹಾಡು ಬರೆದವರ, ಸ್ವರ ಹಾಕಿದವರ ಹಕ್ಕು ಬೇರೆಯದು, ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ, ಅದನ್ನು ಗೌರವಿಸಬೇಕು. ಜನಪದ ಹಾಡಿಗೆ ಕಾಗದದ ಹಕ್ಕುದಾರರಿಲ್ಲ, ಆದರೆ ಹಾಡಿದ ಸಮುದಾಯವಿದೆ. ಯರವರ ಹಾಡನ್ನು ಯಾರು ಯಾವಾಗ ಕೇಳಬಹುದು ಎಂಬುದನ್ನು ಯರವ ಹಿರಿಯರನ್ನೇ ಕೇಳಿ ಬರೆದಿಡಬೇಕು. ಕೆಲವು ಹಾಡು ಸಾವಿನ ಮನೆಯವು, ಕೆಲವು ದೇವರವು, ಮೊಬೈಲ್ ರಿಂಗಿಗೆ ಹೋಗಬಾರದವು.

ನನ್ನ ತೀರ್ಮಾನ ಹೀಗೆ. ಹಿಂದಿ, ಇಂಗ್ಲಿಷ್ ಎಲ್‌ಪಿಗಳನ್ನು ಮಗ ಇಟ್ಟುಕೊಳ್ಳಲಿ, ಮಾರಲಿ, ಅವನಿಷ್ಟ. ಕನ್ನಡದ 78 ತಟ್ಟೆಗಳು ಕವರುಗಳ ಸಮೇತ ಒಟ್ಟಿಗೇ ಇರಬೇಕು, ಬಿಡಿಬಿಡಿಯಾಗಿ ಯಾರಿಗೂ ಕೊಡಕೂಡದು. ಮೇಲೆ ಹೇಳಿದ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವ ಸಂಸ್ಥೆಗೆ ಅವು ಉಚಿತ. ಇದನ್ನು ಉಯಿಲಿನಲ್ಲಿ ಬರೆಸಿದ್ದೇನೆ, ಮಗ ಸಾಕ್ಷಿಯಾಗಿ ಓದಿ ಒಪ್ಪಿದ್ದಾನೆ. ಪಟ್ಟಿಯ ಒಂದು ಜೆರಾಕ್ಸ್ ಪ್ರತಿ ಜಿಲ್ಲಾ ಗ್ರಂಥಾಲಯಕ್ಕೆ, ಒಂದೊಂದು ಎರಡು ಅಕಾಡೆಮಿಗಳಿಗೆ ತಲುಪಿಸುತ್ತೇನೆ. ಟ್ರಂಕುಗಳಲ್ಲಿರುವ ಟೇಪುಗಳು ನನ್ನವಲ್ಲ, ಕೊಟ್ಟ ಮನೆಗಳವು. ಅವರ ಒಪ್ಪಿಗೆ ಕೇಳಲು ಒಂದೊಂದೇ ಮನೆಗೆ ಹೋಗಿ ಬರುತ್ತಿದ್ದೇನೆ, ಬಹುಪಾಲು ಮಂದಿ ಸಂತೋಷದಿಂದ ಒಪ್ಪಿದ್ದಾರೆ. ಅಕಾಡೆಮಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟು: ತಟ್ಟೆಗಳು ಇನ್ನೆರಡು ಮಳೆಗಾಲ ಕಾದಾವು, ನಾನೂ ಕಾಯುತ್ತೇನೆ. ಟೇಪುಗಳನ್ನು ಈ ಬೇಸಿಗೆಯಲ್ಲೇ, ಜೂನ್ ಬರುವುದರೊಳಗೆ ಬಂದು ತೆಗೆದುಕೊಂಡು ಹೋಗಿ.